ಅಂಚಿನ ಮೇಲಿನ ಹೆಸರು

ಆ ಶುಕ್ರವಾರ ನಾಲ್ಕೂಮುಕ್ಕಾಲಿಗೆ ಎದ್ದು ನೀರು ತುಂಬಿದೆ. ಹಾಲು ಕಾಸಿದೆ. ಮನೆಯವರ ಮೊದಲ ಪಾಳಿಗೆ ಡಬ್ಬಿ ಕಟ್ಟಿದೆ: ನಾಲ್ಕು ಚಪಾತಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅತ್ತೆಯವರಿಗೆ ಬಿಪಿ ಗುಳಿಗೆ ಕೊಟ್ಟು, ಅವರು ನುಂಗುವವರೆಗೆ ಎದುರಿಗೇ ನಿಂತೆ. ನಾನು ಅತ್ತ ತಿರುಗಿದರೆ ಗುಳಿಗೆ ತುಳಸಿ ಕುಂಡಕ್ಕೆ ಹೋಗುತ್ತದೆ. ಎರಡು ಬ್ಲೌಸಿಗೆ ಹುಕ್ಕು ಹಚ್ಚಿದೆ, ಒಂದು ಸೀರೆಗೆ ಫಾಲ್ ಹೊಲಿದೆ. ಕರೆಂಟು ಹೋದಾಗ ಹುರುಳಿ ಆರಿಸಿದೆ, ಬಂದಾಗ ಮಿಕ್ಸರ್ ಹಾಕಿದೆ. ಗ್ಯಾಸು ಬುಕ್ ಮಾಡಲು ಫೋನು ಹಚ್ಚಿದೆ, ಸಿಗಲಿಲ್ಲ. ಅರಿವೆ ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ರಿಕಾರ್ಡುಗಳ ಕಪಾಟನ್ನು ಒರೆಸಿದೆ, ಪ್ಲೇಯರಿನ ಸೂಜಿಗೆ ಸಣ್ಣ ಬ್ರಷ್ ಆಡಿಸಿದೆ. ಇಷ್ಟೆಲ್ಲದರ ನಡುವೆ ಒಲೆಯ ಮುಂದೆ ನಿಂತು ಒಂದೇ ಮಾತನ್ನು ನಾಲ್ಕು ಸಲ ಅಂದು ನೋಡಿದೆ: "ಮಿಸ್ತ್ರಿಯವರ, ಒಂದ ಮಾತ ಹೇಳೂದೈತಿ, ಸಿಟ್ಟಾಗಬ್ಯಾಡ್ರಿ." ನಾಲ್ಕು ಸಲವೂ ಆ ಮಾತು ಸಾಲದು ಅನ್ನಿಸಿತು.

ಮಿಸ್ತ್ರಿ ಅಂದರೆ ಹಳಿಯಾಳದ ಬಜಾರದಲ್ಲಿ ಮಿಕ್ಸರು, ಫ್ಯಾನು, ನೀರಿನ ಪಂಪಿನ ಮೋಟರು ರಿಪೇರಿ ಮಾಡುವವರು. ಊರಿಗೆಲ್ಲ ಮಿಸ್ತ್ರಿ, ಹಾಗಾಗಿ ನನಗೂ ಮಿಸ್ತ್ರಿ. ಅರವತ್ತರ ಆಸುಪಾಸು. ಹರೆಯದಲ್ಲಿ ಗೋವಾದ ಸಮುದ್ರದಂಡೆಯ ಹೋಟೆಲೊಂದರಲ್ಲಿ ದೀಪ, ಸೌಂಡ್ ಬಾಕ್ಸು ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಲ್ಲಿ ಬಂದು ಬೀಳುತ್ತಿದ್ದ ವಿದೇಶಿಯರ ಕ್ಯಾಸೆಟ್ಟುಗಳಿಂದ ಅವರಿಗೆ ರೆಗ್ಗೆ ಹಿಡಿಯಿತು. ಬೇರೆಯವರಿಗೆ ಗೋವಾದಲ್ಲಿ ಬೇರೆ ಏನೇನೋ ಹಿಡಿಯುತ್ತದೆ. ಇವರಿಗೆ ಹಿಡಿದದ್ದು ಜಮೈಕಾದ ಹಾಡು. ಊರಿಗೆ ಮರಳಿ, ಮದುವೆಯಾಗಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿಕೊಂಡರೂ ಅದು ಬಿಟ್ಟಿಲ್ಲ.

ನನಗೆ ಹಿಡಿದದ್ದು ಬ್ಲೂಸು, ಅದರ ಹಿಂದೆಯೇ ರಾಕ್ ಅಂಡ್ ರೋಲಿನ ಮೊದಮೊದಲ ಹಾಡುಗಳು. ದಾಂಡೇಲಿಯ ಕಾಗದದ ಕಾರ್ಖಾನೆಯ ಸಾಹೇಬರ ಕ್ಲಬ್ಬಿನಲ್ಲಿ ನಮ್ಮಪ್ಪ ಕೆಲಸಕ್ಕಿದ್ದ. ಮಧ್ಯಾಹ್ನ ನಾನು ಅವನಿಗೆ ಬುತ್ತಿ ಒಯ್ಯುತ್ತಿದ್ದೆ. ಯಾರೂ ಇಲ್ಲದ ಹೊತ್ತಿನಲ್ಲಿ ಒಬ್ಬ ಇಂಜಿನಿಯರರು ಒಬ್ಬರೇ ಕೂತು ರಿಕಾರ್ಡು ಹಾಕಿಕೊಳ್ಳುತ್ತಿದ್ದರು. ಭಾಷೆ ತಿಳಿಯದಿದ್ದರೂ ಒಂದು ಸಂಗತಿ ತಿಳಿಯಿತು. ಹಾಡುವವನು ಯಾರ ಮೇಲೋ ಬೇಸತ್ತಿದ್ದಾನೆ. ಅಳುತ್ತಿಲ್ಲ, ಕೂಗಾಡುತ್ತಿಲ್ಲ, ಸುಮ್ಮನೆ ಒಂದೇ ದೂರನ್ನು ಎರಡು ಸಲ ಹೇಳಿ ಮೂರನೆಯ ಸಲ ತಾನೇ ಅದಕ್ಕೊಂದು ಜವಾಬು ಕೊಟ್ಟುಕೊಳ್ಳುತ್ತಿದ್ದಾನೆ. ನಮ್ಮವ್ವ ನಳದ ಮುಂದೆ ಕೊಡ ಇಟ್ಟುಕೊಂಡು ಮಾತಾಡುತ್ತಿದ್ದದ್ದು ಹೀಗೆಯೇ. ಹೀಗಾಗಿ ನನಗೆ ಅದು ಪರದೇಶದ್ದು ಅಂತ ಎಂದೂ ಅನ್ನಿಸಲಿಲ್ಲ.

ನಾವಿಬ್ಬರೂ ಕೊಳ್ಳುವುದು ರೀಇಶ್ಯೂ. ಅಂದರೆ ಹಳೆಯ ಹಾಡಿನ ಹೊಸ ಅಚ್ಚು. ಆ ಕಾಲದ ಮೂಲ ರಿಕಾರ್ಡುಗಳು ಯಾವ ದೇಶದ ಯಾವ ಸಾಹುಕಾರನ ಕಪಾಟಿನಲ್ಲಿವೆಯೋ. ಅವುಗಳ ಸುದ್ದಿ ನಮಗೆ ಬೇಡ. ಯಾರೋ ಪುಣ್ಯಾತ್ಮರು ಹಳೆಯ ಟೇಪು ಹುಡುಕಿ, ಮತ್ತೆ ಅಚ್ಚು ಹಾಕಿ, ಹಾಡಿದವರ ಕತೆಯನ್ನು ಕವರಿನ ಬೆನ್ನಿಗೆ ಬರೆದು ಮಾರುತ್ತಾರೆ. ಒಂದು ಅಚ್ಚು ಮುಗಿದರೆ ಮುಗಿಯಿತು. ಮತ್ತೆ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲವರು ಎಂಥವರೆಂದರೆ, ಸಿಡಿಯಿಂದಲೇ ಹಾಡು ಇಳಿಸಿ, ಕರಕರ ಸದ್ದು ತೆಗೆಯುತ್ತೇವೆಂದು ಉಜ್ಜಿ ಉಜ್ಜಿ, ಕೊನೆಗೆ ಹಾಡುವವನ ಉಸಿರನ್ನೂ ತೊಳೆದು ಹಾಕಿರುತ್ತಾರೆ. ಅಂಥದ್ದು ಬಂದರೆ ಮಿಸ್ತ್ರಿ ಫೋನ್ ಮಾಡಿ, "ಅಕ್ಕಾ, ಇದು ಹಾಡಲ್ಲ, ಬೋಳಿಸಿದ ಕೋಳಿ" ಅನ್ನುತ್ತಾರೆ.

ಇದನ್ನು ಊರಲ್ಲಿ ಯಾರಿಗೆ ಹೇಳುವುದು? ಬ್ಲೌಸು ಒಯ್ಯಲು ಬಂದವರು ಕಪಾಟು ನೋಡಿ, "ಇದೆಲ್ಲ ಫೋನಿನ್ಯಾಗ ಸಿಗತೈತೆಲ್ಲಬೇ" ಅನ್ನುತ್ತಾರೆ. ಫೋನಿನಲ್ಲಿ ಊಟದ ಚಿತ್ರವೂ ಸಿಗುತ್ತದೆ ಅಂತ ಒಂದು ದಿನ ಹೇಳಿಬಿಟ್ಟೆ; ಆ ಗಿರಾಕಿ ಮತ್ತೆ ಬರಲಿಲ್ಲ. ಕೊರಿಯರಿನವನು ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಓಣಿಯ ತುದಿಗೆ ನಿಂತು, "ಮೇಡಂ, ಮ್ಯಾಪಿನ್ಯಾಗ ನಿಮ್ಮ ಮನಿ ತೋರಸವಲ್ದು" ಅನ್ನುತ್ತಾನೆ. ಅವನು ನಿಂತ ಜಾಗದಿಂದ ನಮ್ಮ ಬಾಗಿಲು ಕಾಣುತ್ತದೆ. ನಾನು ಬಾಗಿಲಲ್ಲೇ ನಿಂತು ಕೈ ಬೀಸುತ್ತಿರುತ್ತೇನೆ. ಅವನು ಮ್ಯಾಪನ್ನೇ ನೋಡುತ್ತಿರುತ್ತಾನೆ.

ಮಿಸ್ತ್ರಿಯವರ ಪರಿಚಯವಾದದ್ದು ನನ್ನ ಪ್ಲೇಯರಿನ ಬೆಲ್ಟು ಸಡಿಲಾದಾಗ. ದಾಂಡೇಲಿಯಲ್ಲಿ ತೋರಿಸಿದವರೆಲ್ಲ ಅದನ್ನು ಷೋಕೇಸಿನಲ್ಲಿಡಲು ಹೇಳಿದ್ದರು. ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಳಿಯಾಳಕ್ಕೆ ಒಯ್ದೆ. ಅವರು ಮುಚ್ಚಳ ತೆಗೆದು, "ಇದರಾಗ ಏನ್ ಕೇಳ್ತೀರಿ?" ಅಂದರು. ಹೇಳಿದೆ. ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿಯನ್ನು ಕೆಳಗಿಟ್ಟು, ಸ್ವಿಚ್ಚು ಆರಿಸಿ, "ಒಳಗ ಬರ್ರಿ, ಚಾ ಕುಡೀರಿ. ಏ, ಯಾರ್ ಬಂದಾರ ನೋಡ" ಅಂತ ಹಿಂದಿನ ಮನೆಗೆ ಕೂಗಿದರು. ಅವರ ಹೆಂಡತಿ ಬಂದು ನೋಡಿ, "ಇಂಥಾವರು ಇನ್ನೊಬ್ಬರ?" ಅಂದರು. ಆ ಬೇಸರದ ದನಿ ನನಗೆ ಗುರುತಿನದು. ನಮ್ಮ ಮನೆಯವರದೂ ಅದೇ ದನಿ.

ಮಿಸ್ತ್ರಿಯವರದು ಒಂದೇ ನಿಯಮ. ಅವರ ರಿಕಾರ್ಡು ಅವರ ಹೊಸ್ತಿಲು ದಾಟುವುದಿಲ್ಲ. ಕೇಳಬೇಕಾದರೆ ಅಲ್ಲಿಗೇ ಹೋಗಿ, ಕೂತು ಕೇಳಬೇಕು. ಅಳಿಯ ಕೇಳಿದಾಗಲೂ ಕೊಟ್ಟಿಲ್ಲ. "ಮಗಳನ್ನ ಕೊಟ್ಟೀನಿ, ಸಾಕಾತು" ಅಂದಿದ್ದರಂತೆ. ನಾನು ಎಷ್ಟೋ ವರ್ಷ ಹೋಗಿ ಕೂತು ಕೇಳಿ ಬಂದಿದ್ದೇನೆ, ಒಂದು ದಿನವೂ ಕೇಳಿ ತಂದಿಲ್ಲ.

ಅವರು ಮೋಟರಿಗೆ ತಂತಿ ಸುತ್ತುವಾಗ ಸಿಳ್ಳೆಯಲ್ಲಿ ಒಂದು ಧಾಟಿ ಬರುತ್ತಿರುತ್ತದೆ. ಗೋವಾದ ಹೋಟೆಲಿನಲ್ಲಿ ಹೆಸರು ಬರೆಯದ ಒಂದು ಕ್ಯಾಸೆಟ್ಟಿನಲ್ಲಿ ಕೇಳಿದ್ದಂತೆ. ಮೂವರು ಗಂಡಸರ ದನಿ, ನಡುವೆ ಒಬ್ಬ ಮೇಲಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತಾನೆ. ಹಾಡಿನ ಹೆಸರು ಗೊತ್ತಿಲ್ಲ, ಹಾಡಿದವರು ಗೊತ್ತಿಲ್ಲ, ಮಾತೂ ನೆನಪಿಲ್ಲ. ಅವರು ಇಷ್ಟು ವರ್ಷ ಹಳೆಯ ಜಮೈಕಾದ ರೀಇಶ್ಯೂ ಕೊಳ್ಳುತ್ತಿರುವುದೇ ಎಲ್ಲೋ ಒಂದರಲ್ಲಿ ಅದು ಸಿಕ್ಕೀತು ಅಂತ.

ಹೀಗಿರುವಾಗ, ದೀಪಾವಳಿ ಮುಗಿದ ಮೇಲೆ, ಅವರಿಗೆ ಅಂಥದೇ ಒಂದು ರೀಇಶ್ಯೂ ಪಾರ್ಸೆಲ್ಲಿನಲ್ಲಿ ಬಂತು. ಅದೇ ವಾರ ಅವರ ಪ್ಲೇಯರಿನ ಮೋಟರು ನಿಂತಿತು. ಊರ ಮೋಟರನ್ನೆಲ್ಲ ತಿರುಗಿಸುವವರ ಮೋಟರಿಗೆ ಬೇಕಾದ ಭಾಗ ಹುಬ್ಬಳ್ಳಿಯಲ್ಲೂ ಇರಲಿಲ್ಲ. ರಿಕಾರ್ಡಿನಲ್ಲಿ ದೋಷವಿದ್ದರೆ ಇಷ್ಟು ದಿನದೊಳಗೆ ತಿಳಿಸಬೇಕೆಂದು ಮಾರಿದವರ ಕಟ್ಟಳೆ. ಮೂರು ದಿನ ಒದ್ದಾಡಿ, ಕೊನೆಗೆ ನನಗೆ ಫೋನ್ ಮಾಡಿದರು. "ಅಕ್ಕಾ, ನೀವ ಒಯ್ದು ಹಾಕಿ ನೋಡ್ರಿ. ಚಂದ ಐತೋ ಇಲ್ಲೋ ಹೇಳಬ್ಯಾಡ್ರಿ. ಟಿಕ್ ಟಿಕ್ ಅಂತೈತೋ ಇಲ್ಲೋ, ಅಷ್ಟ ಹೇಳ್ರಿ."

ಹೊಸ್ತಿಲು ದಾಟಿ ಅದನ್ನು ನನ್ನ ಕೈಗೆ ಕೊಡುವಾಗ ಅವರ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ನೋಡುತ್ತ ನಿಂತಿದ್ದರು.

ಮನೆಗೆ ಬಂದು ಹಾಕಿದೆ. ಒಂದು ಸದ್ದಿಲ್ಲ, ನೀರಿನಂತೆ ಇದೆ. ಮೊದಲ ಬಾಜು ಮುಗಿಯಿತು. ಎರಡನೆಯ ಬಾಜಿನ ಮೊದಲನೆಯ ಹಾಡು ಸುರುವಾದಾಗ ನನ್ನ ಕೈಯಲ್ಲಿದ್ದ ಕತ್ತರಿ ಹಾಗೇ ನಿಂತಿತು. ಮಿಸ್ತ್ರಿಯವರ ಸಿಳ್ಳೆ. ಅದೇ ಮೂವರು, ಅದೇ ಒಬ್ಬ ಮೇಲೆ ಹೋಗಿ ನಿಲ್ಲುತ್ತಾನೆ. ಆಗಿಂದಾಗಲೇ ಫೋನ್ ಹಚ್ಚಿದೆ.

"ಟಿಕ್ ಇಲ್ರಿ ಮಿಸ್ತ್ರಿಯವರ. ಮತ್ತ... ಅದು ಇದರಾಗ ಐತ್ರಿ."

ಆ ಕಡೆ ಯಾರದೋ ಮಿಕ್ಸರು ಕರ್ರ್ ಅನ್ನುತ್ತಿತ್ತು. ಅದನ್ನು ಆರಿಸಿದ ಸದ್ದು ಬಂತು.

"ಎಷ್ಟನೇದ?"

"ಎರಡನೇ ಬಾಜು, ಮೊದಲ್ನೇದು. ಹೆಸರ ಹೇಳ್ಲೇನು?"

"ಬ್ಯಾಡ, ಬ್ಯಾಡ, ಬ್ಯಾಡ್ರಿ! ಏನೂ ಹೇಳಬ್ಯಾಡ್ರಿ. ಪಾರ್ಟ್ ಬರ್ಲಿ. ನನ್ನ ಮಶೀನಿನ ಮ್ಯಾಲ ಕೇಳ್ತೇನಿ."

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮರುದಿನ ಹಳಿಯಾಳಕ್ಕೆ ಹೋಗಿ ಕೊಟ್ಟು ಬರೋಣವೆಂದು ಆ ರಿಕಾರ್ಡನ್ನು ಒಳಚೀಲಕ್ಕೆ ಹಾಕಿ, ಬಟ್ಟೆಯ ಚೀಲದಲ್ಲಿಟ್ಟು, ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದೆ. ಅತ್ತೆಯವರು ಕೇಳಿದರು, "ಯಾರಿಗೆ ಅದು?" ನಾನು ಹೊಲಿಗೆಯಿಂದ ತಲೆ ಎತ್ತದೆ, "ಹಳಿಯಾಳದ ಮಿಸ್ತ್ರಿಯವರಿಗೆ ಕೊಡೂದೈತ್ರಿ" ಅಂದೆ. ಅಷ್ಟೇ ಅಂದೆ. ತಪ್ಪು ಎಲ್ಲಿ ಆಯಿತೆಂದು ಯಾರಾದರೂ ಕೇಳಿದರೆ ಇಲ್ಲಿಯೇ.

ಅತ್ತೆಯವರ ಲೋಕದಲ್ಲಿ ಕೊಡುವುದು ಅಂದರೆ ಎರವಲು ಕೊಡುವುದು. ಅವರ ಪಾತ್ರೆಗಳು ಮದುವೆಗೆ, ಕುಬಸಕ್ಕೆ, ತೊಟ್ಟಿಲಿಗೆ ಅಂತ ಓಣಿಯೆಲ್ಲ ತಿರುಗಿ ಬರುತ್ತವೆ. ಒಂದೂ ಕಳೆದಿಲ್ಲ, ಏಕೆಂದರೆ ಪ್ರತಿಯೊಂದರ ಅಂಚಿಗೂ ಮನೆತನದ ಹೆಸರು ಹಾಕಿಸಿದ್ದಾರೆ. ಹೆಸರಿರುವ ಪಾತ್ರೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಹೆಸರಿಲ್ಲದ್ದು ಹೋದರೆ ಕೇಳುವ ಹಾಗೂ ಇಲ್ಲ. ನನ್ನ ಎರಡು ರಿಕಾರ್ಡುಗಳನ್ನು ಜೋಯಿಡಾದ ನನ್ನ ತಮ್ಮ, ಹೋಮ್‌ಸ್ಟೇಗೆ ಬರುವವರಿಗೆ ತೋರಿಸುತ್ತೇನೆಂದು ಒಯ್ದವನು, ಇಂದಿಗೂ ತಂದಿಲ್ಲ. ಕೇಳಿದರೆ, "ಗೋಡೆಗೆ ಹಚ್ಚೀನಿ ಅಕ್ಕ, ಭಾಳ ಚಂದ ಕಾಣಸ್ತಾವ" ಅನ್ನುತ್ತಾನೆ. ಮೊಳೆ ಹೊಡೆದಿದ್ದಾನೆ. ಅದನ್ನು ಕೇಳಿ ನಾನು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಗಲೇ ಅತ್ತೆಯವರು ಅಂದಿದ್ದರು, "ಹೆಸರ ಹಾಕಸಿದ್ದರ ಬರ್ತಿದ್ವು." ನಾನು ನಕ್ಕಿದ್ದೆ. ನಗಬಾರದಿತ್ತು.

ಆ ದಿನ ಅವರಿಗೆ ಬಜಾರಿಗೆ ಹೋಗುವುದಿತ್ತು. ಮುಂಡಗೋಡದಲ್ಲಿರುವ ಮಗಳು, ಅಂದರೆ ನನ್ನ ನಾದಿನಿ, ಹೊಸ ಮನೆಗೆ ಹೋಗುವವಳಿದ್ದಳು. ಅವಳಿಗೆ ಕೊಡಲು ಕೊಂಡ ಸ್ಟೀಲಿನ ಸಾಮಾನುಗಳಿಗೆ ಹೆಸರು ಹಾಕಿಸಬೇಕಿತ್ತು. ಆಟೋದವನನ್ನು ಕರೆದು ಚೀಲ ಏರಿಸಿದರು. ಹೋಗುವಾಗ ಗೂಟದ ಮೇಲಿನ ಚೀಲ ಅವರ ಕಣ್ಣಿಗೆ ಬಿದ್ದಿದೆ. ಇವಳು ಮತ್ತೆ ಹೆಸರಿಲ್ಲದ್ದನ್ನು ಕೊಡುವುದಕ್ಕೆ ಹೊರಟಿದ್ದಾಳೆ, ಮತ್ತೆ ಊಟ ಬಿಟ್ಟು ಕೂರುತ್ತಾಳೆ ಅಂದುಕೊಂಡಿದ್ದಾರೆ. ನಾನು ಹಿತ್ತಲಲ್ಲಿ ಅರಿವೆ ಹಿಂಡುತ್ತಿದ್ದೆ.

ಸಂಜೆ ಬಂದವರು ಪಾತ್ರೆ ಒಂದೊಂದೇ ತೆಗೆದು ತೋರಿಸಿದರು. ಕೊನೆಗೆ ಆ ರಿಕಾರ್ಡು ತೆಗೆದು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು.

"ನೋಡು. ಇನ್ನ ಎಲ್ಲಿಗರ ಕೊಡು."

ಕಪ್ಪು ಅಂಚಿನ ಮೇಲೆ, ಚುಕ್ಕಿ ಚುಕ್ಕಿಯಾಗಿ ಬೆಳ್ಳಗೆ, ನಮ್ಮ ಮನೆತನದ ಹೆಸರು, ಆಮೇಲೆ ದಾಂಡೇಲಿ, ಆಮೇಲೆ ತಾರೀಕು. ಎಲ್ಲದರ ಕೊನೆಗೆ ಐದು ಎಸಳಿನ ಒಂದು ಹೂವು.

ಅಂಚಿಗೆ ಉಗುರಿನ ತುದಿ ಆಡಿಸಿ ನೋಡಿದೆ; ಚುಕ್ಕಿ ಚುಕ್ಕಿಯೂ ತಾಗಿತು.

"ಹೆಸರ ಹಾಕಾಂವ ಹೂವಿಗೆ ರೊಕ್ಕ ತಗೊಳ್ಳಿಲ್ಲ" ಅಂದರು ಅತ್ತೆಯವರು. "ಇದು ಏನಬೇ ಅಜ್ಜಿ, ಭಾಳ ಮೆತ್ತಗ ಐತಿ ಅಂದ. ನಿನಗ್ಯಾಕ, ಹಗೂರ ಬರಿ ಅಂದೆ."

"ಅತ್ತಿಯವರ... ಇದು ನಮ್ಮದಲ್ರಿ. ಅವರದು. ಅವರದನ್ನ ಅವರಿಗೆ ಹೊಳ್ಳಿ ಕೊಡೂದಿತ್ತು."

"ಹಂಗಂತ ನೀ ಎಲ್ಲೆ ಹೇಳಿದಿ?"

"ಹಾಡಿನ ಮ್ಯಾಲ ಬರಸೀರಲ್ರಿ!"

"ಹಾಡಿನ ಮ್ಯಾಲ ಎಲ್ಲೈತಿ? ಹಾಡು ನಡಬರಕ ಇರತೈತಿ, ಕಾಗದ ಹಚ್ಚಿದಲ್ಲೆ. ಅಂಚಿಗೆ ಏನೈತಿ? ಬರೇ ಗೆರಿ ಐತಿ."

ಆ ಗೆರೆಯೇ ಹಾಡು ಅಂತ ಹೇಳಿದೆ. ಕಣ್ಣು ಸಣ್ಣದು ಮಾಡಿ ನೋಡಿದರು. "ಇಷ್ಟ ಸಣ್ಣದು ಮಾಡಿದ್ರ ಯಾರಿಗೆ ಕಾಣಬೇಕು?" ಅಂತ ರಿಕಾರ್ಡು ಮಾಡಿದವರ ಮೇಲೆಯೇ ಸಿಟ್ಟಾದರು. ಆಮೇಲೆ ಸುಮ್ಮನೆ ಒಳಗೆ ಹೋಗಿ ಪಾತ್ರೆ ಜೋಡಿಸುತ್ತ ಕೂತರು. ಬೇಕಾಗಿದ್ದಕ್ಕಿಂತ ಹೆಚ್ಚು ಸದ್ದು ಮಾಡುತ್ತ ಜೋಡಿಸಿದರು.

ರಿಕಾರ್ಡು ತಿರುವಿ ನೋಡಿದೆ. ಒಂದು ಬಾಜಿಗೆ ಏನೂ ಆಗಿರಲಿಲ್ಲ. ಹೆಸರು ಬಿದ್ದದ್ದು ಎರಡನೆಯ ಬಾಜಿಗೆ. ಹೊರಗಿನ ಅಂಚಿಗೆ, ಅಂದರೆ ಮೊದಲನೆಯ ಹಾಡಿಗೆ.

ಮನೆಯವರಿಗೆ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ, "ಅಕ್ಷರ ದುಂಡಗ ಬಂದಾವ" ಅಂದರು. ನಾನು ನೋಡಿದ ರೀತಿ ನೋಡಿ, "ಅಲ್ಲ, ಇನ್ನೊಂದ ತರಿಸಿ ಕೊಟ್ರಾತು" ಅಂದರು. ತರಿಸಲು ಹೋದರೆ ಆ ಅಚ್ಚು ಮುಗಿದು ಹೋಗಿತ್ತು. ಮೂರು ಕಡೆ ಬರೆದು ಕೇಳಿದೆ; ಮೂರೂ ಕಡೆಯಿಂದ ಇಲ್ಲ ಅಂತಲೇ ಬಂತು. ಆ ವಾರವೆಲ್ಲ ಮಿಸ್ತ್ರಿಯವರಿಗೆ ಸುಳ್ಳು ಹೇಳಿದೆ. ಒಂದು ದಿನ ಬಸ್ಸು ತಪ್ಪಿತು ಅಂದೆ. ಒಂದು ದಿನ ಗಿರಾಕಿಗೆ ಅವಸರ ಅಂದೆ. ಇನ್ನೊಂದು ದಿನ ಅತ್ತೆಯವರಿಗೆ ಮೈಯಲ್ಲಿ ನೆಟ್ಟಗಿಲ್ಲ ಅಂದೆ, ಅದನ್ನು ಕೇಳಿಸಿಕೊಂಡ ಅತ್ತೆಯವರು ಒಳಗಿನಿಂದ, "ನನಗೇನ ಧಾಡಿ?" ಅಂತ ಕೂಗಿದರು.

ಗುರುವಾರ ಅವರೇ ಫೋನ್ ಮಾಡಿದರು. "ಅಕ್ಕಾ, ಪಾರ್ಟ್ ಬಂತು. ಮಶೀನ್ ತಿರಗಾಕ ಹತ್ತೈತಿ. ನೀವ ಬರಬ್ಯಾಡ್ರಿ, ನಾಳೆ ಅಂಗಡಿ ರಜಾ. ದಾಂಡೇಲ್ಯಾಗ ನಮಾಜ್ ಮುಗಿಸಿ ನಾನ ಬರ್ತೇನಿ." ದನಿಯಲ್ಲಿ ಇಪ್ಪತ್ತು ವರ್ಷ ಕಡಿಮೆಯಾದಂತಿತ್ತು.

ಅವರ ನಂಬಿಕೆ ಹೋದರೆ ನನಗೆ ಉಳಿಯುವುದೇನು? ಈ ನಾಲ್ಕು ತಾಲೂಕಿನಲ್ಲಿ ಒಂದು ಹಾಡು ಕೇಳಿ ಫೋನ್ ಮಾಡಿದರೆ ನಾನು ಏನು ಹೇಳುತ್ತಿದ್ದೇನೆಂದು ತಿಳಿಯುವವರು ಅವರೊಬ್ಬರೇ. ನನ್ನ ಹತ್ತಿರ ಎಷ್ಟು ರಿಕಾರ್ಡು ಇದ್ದರೇನು, ಒಬ್ಬಳೇ ಕೂತು ಕೇಳುವುದು ಉಪ್ಪಿಲ್ಲದ ಅನ್ನ.

ಹೀಗೆ ಆ ಶುಕ್ರವಾರ ಬಂತು. ಎರಡೂವರೆಯ ಹೊತ್ತಿಗೆ ಮನೆಯವರು ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದರು, ಹಿಂದೆಯೇ ಮಿಸ್ತ್ರಿ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಅತ್ತರಿನ ವಾಸನೆ, ಕೈಯಲ್ಲಿ ಹಳಿಯಾಳದ ಖಾರ ಚುರಮುರಿಯ ಪೊಟ್ಟಣ.

"ಕುಂದರ್ರಿ ಮಿಸ್ತ್ರಿಯವರ. ಚಾ ಮಾಡ್ತೀನಿ."

"ಚಾ ಆಮ್ಯಾಲ. ಎಲ್ಲೈತಿ ಅದು?"

ಆಗ ನಾನು ಒಲೆಯ ಮುಂದೆ ಬಾಯಿಪಾಠ ಮಾಡಿದ ಮಾತು ಒಂದೂ ನೆನಪಿಗೆ ಬರಲಿಲ್ಲ. ರಿಕಾರ್ಡು ತಂದು ಅವರ ಕೈಗೆ ಕೊಟ್ಟೆ. ಅವರು ಅದನ್ನು ಹಿಡಿಯುವ ರೀತಿ ನೋಡಬೇಕು, ಬೆರಳಿನ ತುದಿ ಸಹ ಗೆರೆಗೆ ತಾಗದ ಹಾಗೆ. ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಹೆಸರು ಹೊಳೆಯಿತು.

ಓದಿದರು. ಹೂವಿನವರೆಗೂ ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಇದೇನ್ರಿ ಇದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆಯವರು ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತರು. "ಆಕಿಗೆ ಏನ್ ಕೇಳ್ತಿ ಮಿಸ್ತ್ರಿ? ನಾ ಬರಿಸಿದ್ದು. ಈಕಿ ಹಾಡಿನ ಸಾಮಾನ ಮಂದಿಗೆ ಕೊಟ್ಟು ಕೊಟ್ಟು ಕಳಕೊಳ್ತಾಳ. ನಿಂದಂತ ನನಗೇನ ಕನಸ ಬಿದ್ದಿತ್ತ?"

"ಅಮ್ಮಾ, ನಾ ಏನ ಕಳ್ಳ ಇದ್ದೆನೇನ್ರಿ?"

"ಕಳ್ಳ ಅಂತ ಯಾರ ಅಂದ್ರು? ಮರೀತೀರಿ. ಎಲ್ಲಾರೂ ಮರೀತಾರ. ನನ್ನ ಹಪ್ಪಳಾ ಲಟ್ಟಸೂ ಮಣಿ ಒಯ್ದಾಕಿ ಇನ್ನೂ ಮರತಾಳ."

ಮಿಸ್ತ್ರಿ ನನ್ನತ್ತ ನೋಡಿದರು. ನಾನು, ತಪ್ಪಾತ್ರಿ ಅಂದೆ. ಒಂದು ವಾರದಿಂದ ಸುಳ್ಳು ಹೇಳಿದ್ದೂ ಹೇಳಿದೆ. ಅಚ್ಚು ಮುಗಿದದ್ದೂ ಹೇಳಿದೆ. ಮನೆಯವರು ನಡುವೆ ಬಾಯಿ ಹಾಕಿದರು, "ಈಗ ಹಾಡಿನ ಹೆಸರ ಗೊತ್ತಾತಲ್ರಿ, ಫೋನಿನ್ಯಾಗ ಹುಡುಕಿದ್ರ ಎರಡ ಮಿನಿಟಿನ ಕೆಲಸ."

"ಸಾಹೇಬ್ರ," ಅಂದರು ಮಿಸ್ತ್ರಿ, ಬಹಳ ಮೆಲ್ಲಗೆ, "ಫೋನಿನ್ಯಾಗ ಕೇಳಾಕ ನಾ ಇಷ್ಟ ವರ್ಷ ಕಾಯ್ದೆನೇನ್ರಿ?"

ಮನೆಯವರು ಟವೆಲ್ಲು ಒಣಹಾಕುವ ನೆಪ ಮಾಡಿ ಹೊರಗೆ ಹೋದರು.

"ಹಾಕ್ರಿ" ಅಂದರು ಮಿಸ್ತ್ರಿ.

"ಬ್ಯಾಡ್ರಿ. ಸೂಜಿ ಕುಣೀತೈತಿ."

"ಹಾಕ್ರಿ ಅಂದೆನಲ್ಲ."

ಹಾಕಿದೆ. ಹಾಡು ಸುರುವಾಯಿತು, ಅದರೊಂದಿಗೆ ಹೆಸರೂ ಸುರುವಾಯಿತು. ಒಂದೊಂದು ಸುತ್ತಿಗೂ ಅಕ್ಷರಗಳ ಮೇಲೆ ಟರ್ರ್ ಅಂತ ಹೋಗಿ, ಹೂವಿನ ಹತ್ತಿರ ಬಂದಾಗ ಸೂಜಿ ಜಿಗಿದು ಹಿಂದಿನ ಗೆರೆಗೇ ಬೀಳುತ್ತದೆ. ಮತ್ತೆ ಅದೇ ಅರ್ಧ ಸಾಲು, ಮತ್ತೆ ಟರ್ರ್, ಮತ್ತೆ ಹೂವು. ನಾನು ಎತ್ತಿಬಿಡಲು ಹೋದೆ. ಮಿಸ್ತ್ರಿ ನನ್ನ ಕೈ ಅತ್ತ ಸರಿಸಿ, ತಮ್ಮ ಕಿರುಬೆರಳನ್ನು ಪ್ಲೇಯರಿನ ಕೈಯ ಬದಿಗೆ ಇಟ್ಟರು. ಪ್ರತಿ ಸಲ ಹೂವು ಬಂದಾಗ ಒಂದು ಕೂದಲೆಳೆಯಷ್ಟು ಒತ್ತುತ್ತಾರೆ, ಸೂಜಿ ಮುಂದಿನ ಗೆರೆಗೆ ಇಳಿಯುತ್ತದೆ. ಆ ಬೆರಳು ಜೀವಮಾನವೆಲ್ಲ ಕೂದಲಿನಂಥ ತಂತಿ ಸುತ್ತಿದ ಬೆರಳು. ಹೀಗೆ ಬಗ್ಗಿ ನಿಂತು, ಒಂದೊಂದೇ ಸುತ್ತು ದಾಟಿಸುತ್ತ, ಎರಡು ನಿಮಿಷದಷ್ಟು ಹಾಡನ್ನು ಹೊಳೆ ದಾಟಿಸಿದ ಹಾಗೆ ದಾಟಿಸಿದರು. ಅತ್ತೆಯವರೂ ಹತ್ತಿರ ಬಂದು ಬಗ್ಗಿ ನೋಡುತ್ತಿದ್ದರು.

ಹೆಸರಿನ ಪಟ್ಟಿ ಮುಗಿಯಿತು. ಇದ್ದಕ್ಕಿದ್ದಂತೆ ಸದ್ದೆಲ್ಲ ನಿಂತು ಬರೀ ಹಾಡು ಉಳಿಯಿತು. ಕೊನೆಯ ಒಂದು ನಿಮಿಷ. ಮೂವರಲ್ಲಿ ಒಬ್ಬ ಮೇಲಕ್ಕೆ ಹೋದ, ಅಲ್ಲಿಯೇ ನಿಂತ. ಮಿಸ್ತ್ರಿ ಕೈ ತೆಗೆದು ನೆಟ್ಟಗೆ ನಿಂತರು. ಸಿಳ್ಳೆ ಹಾಕಲಿಲ್ಲ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

ಹಾಡು ಮುಗಿದ ಮೇಲೆ ಸಿಟ್ಟು ಬಂತು ಅವರಿಗೆ. ಮೊದಲು ಬರಬೇಕಾದದ್ದು ಆಗ ಬಂತು.

"ಅಲ್ರಿ ಅಕ್ಕಾ, ನಡಬರಕ ಎಷ್ಟ ಜಾಗಾ ಐತಿ, ಕಾಗದ ಐತಿ. ಅಲ್ಲೆ ಬರಸಬಾರದ? ಆ ಕಡೀ ಬಾಜು ಬರಸಬಾರದ? ಕವರ್ ಇದ್ದಿದ್ದಿಲ್ಲೇನು? ಇಡೀ ಜಗತ್ತಿನ್ಯಾಗ ಜಾಗಾ ಸಿಗಲಿಲ್ಲಂತ, ನನ್ನ ಹಾಡಿನ ಎದಿ ಮ್ಯಾಲ ಬಂದು ಹೂವ ಬಿಡಿಸ್ಯಾರ! ಇದು ಹಾಡಲ್ಲ. ನಿಮ್ಮ ಮನಿ ಹೆಸರ ಡಂಗುರಾ ಹೊಡದಂಗ ಆತು."

"ಆತಪಾ, ಬೈದು ಮುಗೀತಲ್ಲ? ಚಾ ಕುಡಿ" ಅಂದರು ಅತ್ತೆಯವರು. ಆಮೇಲೆ ದನಿ ತಗ್ಗಿಸಿ, "ತಪ್ಪಾತು. ನನಗ ತಿಳೀಲಿಲ್ಲ" ಅಂದರು. ನಾನು ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ನನಗೆ ಅಂದದ್ದಲ್ಲ, ಇರಲಿ.

ಮಿಸ್ತ್ರಿಗೂ ಅದು ಗೊತ್ತಾಗಿರಬೇಕು. ಕೂತರು. ಚಹಾ ಬಸಿಗೆ ಸುರಿದುಕೊಂಡು ಕುಡಿದರು. ನಾನು ರಿಕಾರ್ಡನ್ನು ಕವರಿಗೆ ಹಾಕಿ ಅವರ ಮುಂದೆ ಇಟ್ಟೆ. ಮೊದಲ ಬಾಜು ನೆಟ್ಟಗಿದೆ, ಎರಡನೆಯದರಲ್ಲೂ ಉಳಿದ ಹಾಡುಗಳು ಚೆನ್ನಾಗಿವೆ, ಒಯ್ಯಿರಿ ಅಂದೆ.

ಅವರು ಕವರನ್ನು ಒಂದು ಬೆರಳಿನಿಂದ ನನ್ನತ್ತ ಸರಿಸಿದರು. "ಬ್ಯಾಡ್ರಿ. ನಿಮ್ಮ ಹೆಸರಿನ ಸಾಮಾನ ನಮ್ಮ ಮನ್ಯಾಗ ಕಂಡ್ರ ನಮ್ಮಾಕಿ ಬಿಡ್ತಾಳೇನ್ರಿ? ಯಾರ ಮನೀದು ಎತ್ಕೊಂಡ ಬಂದೀರಿ ಅಂತ ಕೇಳ್ತಾಳ."

"ನಾ ಹೇಳ್ತೀನಿ ಅವರಿಗೆ."

"ಅಲ್ರಿ. ನನ್ನ ರಿಕಾರ್ಡು ಮನಿ ಬಿಟ್ಟು ಹೋಗೂದಿಲ್ಲ. ಇದು ಹೋತು. ಹೋದದ್ದು ನಂದಲ್ಲ. ಇಲ್ಲೇ ಇರ್ಲಿ. ನಾನ ಬಂದು ಕೇಳ್ತೇನಿ. ಮೊದಲ್ನೇ ಬಾಜು ಈಗ ಹಾಕ್ರಿ, ನಾ ಕೇಳಿಲ್ಲ."

ಹಾಕಿದೆ. ಮೊದಲ ಬಾಜು ಪೂರ್ತಿ ಕೇಳಿದರು, ಕಣ್ಣು ಮುಚ್ಚಿ, ಪಾದ ಮಾತ್ರ ಅಲ್ಲಾಡಿಸುತ್ತ. ಆಮೇಲೆ ಎರಡನೆಯದನ್ನು ಎರಡನೆಯ ಹಾಡಿನಿಂದ ಕೇಳಿದರು. ನಾಲ್ಕೂವರೆಯ ಬಸ್ಸು ಹೋಯಿತು. ಐದು ಗಂಟೆಯ ಬಸ್ಸೂ ಹೋಯಿತು. ಮೇಲೆ ಒಣಹಾಕಿದ ಅರಿವೆ ತರುವುದು ಬಾಕಿ ಇತ್ತು, ಹೋಗಲಿಲ್ಲ. ಯಾವ ಹಾಡಿನಲ್ಲಿ ಡ್ರಮ್ಮಿನವನು ಒಂದು ಪೆಟ್ಟು ಬೇಕೆಂದೇ ಬಿಟ್ಟಿದ್ದಾನೆ, ಯಾವುದರಲ್ಲಿ ಹಾಡುವವನ ಗಂಟಲು ಕಟ್ಟಿದೆ, ಅಂತ ಇಬ್ಬರೂ ಮಾತಾಡಿದೆವು. ಅತ್ತೆಯವರು ನಡುವೆ, "ಎಲ್ಲಾ ಹಾಡೂ ಒಂದ ಥರಾ ಅದಾವ" ಅಂದರು. ಮಿಸ್ತ್ರಿ, "ಅಮ್ಮಾ, ನಿಮ್ಮ ಪಾತ್ರಿನೂ ಎಲ್ಲಾ ಒಂದ ಥರಾ ಅದಾವ" ಅಂದರು. ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಹೊರಡುವ ಮೊದಲು ನಾನು ಕಪಾಟು ತೋರಿಸಿ, ನಿಮಗೆ ಬೇಕಾದದ್ದು ಒಯ್ಯಿರಿ ಅಂದೆ. ಉಪಚಾರಕ್ಕೆ ಅಂದದ್ದಲ್ಲ. ಆದರೂ, ಬೇಡ ಅಂದಾರು ಅಂತ ಒಳಗೊಳಗೆ ಒಂದು ಆಸೆ ಇತ್ತು ಅಂತ ಒಪ್ಪಿಕೊಳ್ಳಬೇಕು. ಅ‌ವರು ಬೇಡ ಅನ್ನಲಿಲ್ಲ. ಚಷ್ಮಾ ಹಾಕಿಕೊಂಡು ಒಂದೊಂದೇ ಕವರು ಎಳೆದು ನೋಡಿದರು. ಮೇಲಿನ ಸಾಲಿನಿಂದ, ಬಾಯಿಬಾಜಾ ನುಡಿಸುತ್ತ ಹಾಡುವ ಮುದುಕನೊಬ್ಬನ ಬ್ಲೂಸಿನ ರೀಇಶ್ಯೂ ತೆಗೆದರು. ಕಪಾಟು ಹೊತ್ತಿ ಉರಿದರೆ ನಾನು ಮೊದಲು ಎತ್ತಿಕೊಂಡು ಓಡುವುದು ಅದನ್ನೇ. ಅದು ಅವರಿಗೆ ಚೆನ್ನಾಗಿ ಗೊತ್ತು.

"ಇದು ಒಯ್ತೇನಿ."

"ಹೂಂ, ಒಯ್ರಿ" ಅಂದೆ. ಮತ್ತೊಮ್ಮೆ, "ಒಯ್ರಿ" ಅಂದೆ.

"ಅದಕ್ಕ ಇವರ ಹೆಸರ ಹಾಕಿಸ್ಲೇನು?" ಅಂದರು ಅತ್ತೆಯವರು.

"ಬ್ಯಾಡ!" ಅಂದೆವು, ಮಿಸ್ತ್ರಿ, ನಾನು, ಹೊರಗಿನಿಂದ ಮನೆಯವರು, ಮೂವರೂ ಒಟ್ಟಿಗೆ.

ಮಿಸ್ತ್ರಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಬರೂ ಶುಕ್ರವಾರ ಬರ್ತೇನಿ, ಅಕ್ಕಾ. ಆ ಹೂವಿನ ಜಾಗಾದಾಗ ಸೂಜಿ ಜಿಗಿಯೂದಕ್ಕ ಏನರ ಮಾಡಾಕ ಬರತೈತೋ ನೋಡೂಣು. ಭೂತಗನ್ನಡಿ ತರ್ತೇನಿ" ಅಂದರು. ಮನೆಯವರು ಬೈಕಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು. ನನ್ನ ಮುದುಕನನ್ನು ಎದೆಗೆ ಅವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದರಂತೆ.

ಅವರು ಒಯ್ದದ್ದು ಬದಲಿಗೋ, ಎರವಲಿಗೋ? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಶುಕ್ರವಾರ ಬರುತ್ತೇನೆ ಅಂದದ್ದು ಮಾತ್ರ ಖರೆ. ಅವರು ಸುಮ್ಮಸುಮ್ಮನೆ ಮಾತು ಕೊಡುವವರಲ್ಲ. ಅಷ್ಟು ಉಳಿಯಿತು ಅಂತ ಸಮಾಧಾನ ಮಾಡಿಕೊಂಡು ಅರಿವೆ ತರಲು ಮೇಲೆ ಹೋದೆ. ಇಬ್ಬನಿ ಬಿದ್ದು ಎಲ್ಲ ಮತ್ತೆ ಹಸಿಯಾಗಿದ್ದವು.

ಕೆಳಗೆ ಬಂದಾಗ ಅತ್ತೆಯವರು ಕಪಾಟಿನ ಮೇಲಿನ ಸಾಲಿನ ಖಾಲಿ ಜಾಗ ನೋಡುತ್ತಿದ್ದರು.

"ಹೆಸರಿಲ್ಲದ್ದ ಕೊಟ್ಟಿ" ಅಂದರು. "ಇನ್ನ ಬಂದಂಗ."

ನಾನು ಸಾರಿಗಿಡಲು ಒಳಗೆ ಹೋದೆ. ಜವಾಬು ಕೊಟ್ಟರೆ ಆ ದಿನ ಮುಗಿಯುತ್ತಿರಲಿಲ್ಲ.

ರಾತ್ರಿಗೆ ಹುರುಳಿ ಕಟ್ಟಿನ ಸಾರು, ಅನ್ನ, ಮಧ್ಯಾಹ್ನದ ಎರಡು ಚಪಾತಿ, ಮಿಸ್ತ್ರಿ ತಂದ ಚುರಮುರಿ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ಅನ್ನ ಹೆಚ್ಚು ಹಾಕಿಕೊಂಡು ಉಂಡೆವು. ಮೊದಲು ಮಲಗಿದವರು ಅತ್ತೆಯವರು, ಎಂಟೂವರೆಗೆ, ತಲೆ ದಿಂಬಿಗೆ ತಾಗುವುದಷ್ಟೇ ತಡ. ಗೊರಕೆಯೂ ನಿಶ್ಚಿಂತೆಯದು. ಆಮೇಲೆ ಮನೆಯವರು. ಆಮೇಲೆ, ಹಸಿ ಅರಿವೆಗಳನ್ನು ಕುರ್ಚಿಗಳ ಮೇಲೆ ಹರವಿ, ನಾನು.